ಹಲಸೂರಿನ ಕಿವಿ ಮೇಸ್ತ್ರಿ

ಹಲಸೂರಿನ ಸೋಮೇಶ್ವರನ ಗುಡಿಯಿಂದ ಕೆರೆಯ ಕಡೆಗೆ ಇಳಿಯುವ ಗಲ್ಲಿಯಲ್ಲಿ ಒಂದು ಮುದಿ ಮಳೆಮರವಿತ್ತು. ಅದರ ಕೆಳಗೆ ಒಂದು ತಗಡಿನ ಷೆಡ್ಡು. ಷೆಡ್ಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾವ ಡ್ರೈವರನ್ನು ಕೇಳಿದರೂ "ಕಿವಿ ಮೇಸ್ತ್ರಿ ಷೆಡ್ಡಾ? ಹಿಂಗೇ ಹೋಗಿ" ಎಂದು ಕೈ ತೋರಿಸುತ್ತಿದ್ದ.

ಕಿವಿ ಮೇಸ್ತ್ರಿ ಎಂದರೆ ಚಲುವಯ್ಯ. ಕೆಟ್ಟ ಮೋಟಾರು ಬಂದರೆ ಅವನು ಮೊದಲು ಸ್ಪ್ಯಾನರು ಹಿಡಿಯುತ್ತಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಬೀಟೆಮರದ ಕೋಲೊಂದನ್ನು ಎತ್ತಿಕೊಂಡು, ಓಡುತ್ತಿರುವ ಎಂಜಿನ್ನಿಗೆ ಅದರ ಒಂದು ತುದಿ, ತನ್ನ ಬಲಗಿವಿಗೆ ಇನ್ನೊಂದು ತುದಿ ಇಟ್ಟು ಕಣ್ಣು ಮುಚ್ಚುತ್ತಿದ್ದ. ಹಾಗೆ ಮುಚ್ಚಿದ ಕಣ್ಣು ಎಷ್ಟೋ ಹೊತ್ತು ತೆರೆಯುತ್ತಿರಲಿಲ್ಲ. ಹೊಸಬರು ಈತನಿಗೆ ನಿದ್ದೆ ಬಂತೇನೋ ಎಂದುಕೊಳ್ಳುತ್ತಿದ್ದರು. ಹಳಬರು ಬೀಡಿ ಹಚ್ಚಿ ಕಾಯುತ್ತಿದ್ದರು. ಕೊನೆಗೆ ಯಾವುದೋ ದೂರದ ಊರಿನಿಂದ ಹಿಂತಿರುಗಿದವನಂತೆ ಕಣ್ಣು ಬಿಟ್ಟು, ಎಂಜಿನ್ನಿನ ಒಂದು ಜಾಗಕ್ಕೆ ಬೆರಳಿಡುತ್ತಿದ್ದ. ಬಿಚ್ಚಿ ನೋಡಿದರೆ ತೊಂದರೆ ಅಲ್ಲೇ ಇರುತ್ತಿತ್ತು.

ಈ ವಿದ್ಯೆ ಅವನಿಗೆ ಯಾವ ವರ್ಕ್‌ಶಾಪಿನಲ್ಲೂ ಸಿಕ್ಕಿದ್ದಲ್ಲ. ಕೃಷ್ಣರಾಜಪುರದ ಆಚೆಗಿನ ಹಳ್ಳಿಯೊಂದರಲ್ಲಿ ಅವನಪ್ಪ ಚಿಕ್ಕಮುನಿಯಪ್ಪ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು, ಏರಿ ಕಾಯುವುದು ಅವನ ಕೆಲಸ. ಮಳೆಗಾಲದಲ್ಲಿ ಕೆರೆ ತುಂಬಿ ತುಳುಕುವಾಗ ಚಿಕ್ಕಮುನಿಯಪ್ಪ ಏರಿಯ ಇಳಿಜಾರಿನಲ್ಲಿ ಬೋರಲು ಮಲಗಿ, ಒದ್ದೆ ಹುಲ್ಲಿಗೆ ಕಿವಿಯಿಟ್ಟು ಕೇಳುತ್ತಿದ್ದ. ಮಣ್ಣಿನೊಳಗೆ ನೀರು ದಾರಿ ಹುಡುಕುತ್ತಿದ್ದರೆ ಪಿಸುಮಾತು ಕೇಳಿಸುತ್ತದೆ ಎನ್ನುತ್ತಿದ್ದ. ಪಕ್ಕದಲ್ಲಿ ಮಲಗಿದ ಮಗನಿಗೂ ಕೇಳಿಸಿತು. ಅಪ್ಪನಿಗಿಂತ ಮೊದಲೇ ಕೇಳಿಸಿದ ದಿನಗಳೂ ಇದ್ದವು.

ಹಳ್ಳಿ ಬಿಟ್ಟು ದಂಡಿಗೆ ಬಂದ ಚಲುವಯ್ಯ ಮೊದಲು ಜಟಕಾಗಳ ಚಕ್ರಕ್ಕೆ ಎಣ್ಣೆ ಬಿಟ್ಟ, ಆಮೇಲೆ ದೊರೆಗಳ ಮೋಟಾರು ತೊಳೆದ, ಆಮೇಲೆ ಬಿಚ್ಚಿ ಜೋಡಿಸುವುದನ್ನು ಕಲಿತ. ದೂಪನಹಳ್ಳಿಯ ಮುನಿವೆಂಕಟಮ್ಮನನ್ನು ಮದುವೆಯಾಗಿ, ಒಬ್ಬಳೇ ಮಗಳನ್ನು ಬೆಳೆಸಿ ಮಾಲೂರಿಗೆ ಕೊಟ್ಟ. ಷೆಡ್ಡಿನ ಬೆನ್ನಿಗೇ ಅಂಟಿಕೊಂಡ ಎರಡು ಕೋಣೆಯ ಮನೆ. ಅಲ್ಲಿ ಮುನಿವೆಂಕಟಮ್ಮ ತನ್ನ ಮನೆಗೂ ನೆರೆಯ ನಾಲ್ಕಾರು ಮನೆಗಳಿಗೂ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಗುರುಗುಟ್ಟುವಿಕೆ ಗೋಡೆ ದಾಟಿ ಷೆಡ್ಡಿಗೆ ಬರುತ್ತಿತ್ತು. ಚಲುವಯ್ಯ ಅದನ್ನು ಕೇಳುತ್ತಲೇ ಕೆಲಸ ಮಾಡುತ್ತಿದ್ದ.

ಯುದ್ಧ ಬಂತು. ದಂಡಿನ ತುಂಬ ಸಿಪಾಯಿಗಳು, ರಸ್ತೆಯ ತುಂಬ ಹಸಿರು ಲಾರಿಗಳು. ಕೈಕೆಲಸ ಬಲ್ಲವರಿಗೆಲ್ಲ ಕರೆ ಬಂದಾಗ ಚಲುವಯ್ಯನೂ ಮಿಲಿಟರಿ ಲಾರಿ ರಿಪೇರಿಗೆ ಸೇರಿದ. ಅದೊಂದು ಉದ್ದನೆಯ ತಗಡಿನ ಷೆಡ್ಡು. ಅದರೊಳಗೆ ಬಿಚ್ಚಿ ಕಟ್ಟಿದ ಎಂಜಿನ್ನುಗಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಸಲಕ್ಕೆ ಪೂರಾ ಜೋರಿನಲ್ಲಿ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ತಗಡು ಆ ಸದ್ದನ್ನು ಹೊರಗೆ ಬಿಡುತ್ತಿರಲಿಲ್ಲ. ಎದೆಯ ಮೂಳೆ ನಡುಗುತ್ತಿತ್ತು. ಯುದ್ಧ ಮುಗಿಯುವವರೆಗೂ ಅವನು ಅದರೊಳಗೇ ನಿಂತಿದ್ದ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಜೀರುಂಡೆಗಳು ಹೋದವು. ಈ ವರ್ಷ ಜೀರುಂಡೆ ಕಡಿಮೆ ಎಂದುಕೊಂಡ. ಆಮೇಲೆ ಒಗ್ಗರಣೆಯ ಚಟಪಟ ಹೋಯಿತು. ಆಮೇಲೆ ಹೆಂಡತಿಯ ಬಳೆ. ಒಂದು ದಿನ ಊಟ ಬಡಿಸುವ ಅವಳ ಕೈಯನ್ನೇ ನೋಡುತ್ತ, ಬಳೆಗಳು ಒಂದಕ್ಕೊಂದು ತಾಗಿದರೂ ಸದ್ದಿಲ್ಲದೆ ಸರಿದಾಡುವುದನ್ನು ಕಂಡು, ತುತ್ತು ಎತ್ತುವುದನ್ನೇ ಮರೆತ. ನೀರೊಳಗೆ ಮುಳುಗಿ ದಡದವರ ಕೈಬಾಯಿ ಆಡುವುದನ್ನು ನೋಡಿದಂತಿತ್ತು.

ಸದ್ದು ಹೋದ ಜಾಗ ಖಾಲಿ ಉಳಿಯಲಿಲ್ಲ. ತಲೆಯೊಳಗೆ ಸದಾ ಒಂದು ಮೊರೆತ, ತೂಬಿನಲ್ಲಿ ನೀರು ನುಗ್ಗುವಂಥ ಒಂದೇ ಸಮನಾದ ಸದ್ದು. ಹೆದರಿಕೆಯಾಗಬೇಕಿತ್ತು. ಆದರೆ ನಿಜ ಹೇಳಬೇಕೆಂದರೆ ಅವನಿಗೆ ಅದು ಅಷ್ಟೇನೂ ಅಹಿತವಾಗಿರಲಿಲ್ಲ. ಆ ಮೊರೆತದ ಜತೆ ಹಗಲಿನಲ್ಲೇ ಕನಸು ಬರುತ್ತಿತ್ತು. ಲಾರಿಯ ಕೆಳಗೆ ಅಂಗಾತ ಮಲಗಿದ್ದರೆ ಮೇಲಿನ ಕಪ್ಪು ಕಬ್ಬಿಣ ಕೆರೆಯ ತಳದಂತೆ ಕಾಣುತ್ತಿತ್ತು. ಹಲ್ಲುಗಾಲಿಗಳ ನಡುವೆ ಸಣ್ಣ ಮೀನುಗಳು ಬೆಳ್ಳಗೆ ಮಿನುಗಿ ಮಾಯವಾಗುತ್ತಿದ್ದವು. ಅವನು ಕೈ ಚಾಚುತ್ತಿದ್ದ, ಕೈಗೆ ಗ್ರೀಸು ಮೆತ್ತಿಕೊಳ್ಳುತ್ತಿತ್ತು.

ಯುದ್ಧ ಮುಗಿದು ಮಳೆಮರದ ಕೆಳಗೆ ವಾಪಸು ಬಂದಾಗ ಅವನಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಗಟ್ಟಿ ಕೂಗು ಮಾತ್ರ ಮಸುಕಾಗಿ ಇಳಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಬಂದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಅರ್ಥವಾಗದಿದ್ದರೆ "ಆಯ್ತು, ನಾಳೆ ಬಾ" ಎನ್ನುತ್ತಿದ್ದ. ಬೀಟೆಕೋಲನ್ನು ಎಂದಿನಂತೆ ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ಒಳಗಿನ ಮೊರೆತ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಕಣ್ಣು ಬಿಟ್ಟು, ಇಷ್ಟು ವರ್ಷದ ಅಂದಾಜಿನ ಮೇಲೆ ಬೆರಳಿಡುತ್ತಿದ್ದ. ಬಹಳ ಸಲ ಸರಿಹೋಗುತ್ತಿತ್ತು.

ಸರಿಹೋಗದೆ ಇದ್ದದ್ದು ಅಕ್ತರನ ಗಾಡಿಯಲ್ಲಿ.

ಅಕ್ತರ್ ದಂಡಿನ ಬ್ಲಾಕ್‌ಪಳ್ಳಿ ಬಡಾವಣೆಯವನು. ಅಲ್ಲಿನ ಮಾರ್ಕೆಟ್ಟಿನ ಮಗ್ಗುಲಲ್ಲಿ ಬಾಡಿಗೆ ಮೋಟಾರು ನಿಲ್ಲಿಸುತ್ತಿದ್ದ. ತನ್ನ ಸೀಮೆಗೆ ಹಡಗು ಹತ್ತಿದ ಬಿಳಿ ದೊರೆಯೊಬ್ಬನಿಂದ ಬಂದ ಉದ್ದ ಮೂಗಿನ ಹಳೇ ಅಮೆರಿಕನ್ ಕಾರು ಅವನದು. ಅದನ್ನು ದಿನಾ ಬೆಳಿಗ್ಗೆ ಕುದುರೆ ತಿಕ್ಕಿದಂತೆ ತಿಕ್ಕುತ್ತಿದ್ದ. ಆ ಗಾಡಿ ನೀರು ಕುಡಿಯಲು ಶುರು ಮಾಡಿತು. ಹೊರಡುವಾಗ ರೇಡಿಯೇಟರ್ ತುಂಬಿಸಿದರೆ ಫ್ರೇಜರ್ ಟೌನ್ ಸುತ್ತಿ ಬರುವಷ್ಟರಲ್ಲಿ ಅರ್ಧ ಖಾಲಿ. ಚಲುವಯ್ಯ ಬಾನೆಟ್ ಎತ್ತಿ ನೋಡಿದಾಗ ರೇಡಿಯೇಟರಿನ ಬೆನ್ನೆಲ್ಲ ಒದ್ದೆ. ಫ್ಯಾನು ಹಿಡಿದು ಅಲ್ಲಾಡಿಸಿದ, ಬಿಗಿಯಾಗಿಯೇ ಇತ್ತು. ಕೋಲು ಇಟ್ಟು ಕಣ್ಣು ಮುಚ್ಚಿದ, ತೆರೆದ, ರೇಡಿಯೇಟರಿಗೆ ಬೆರಳು ಮಾಡಿದ. ಬಿಚ್ಚಿ ಬೆಸುಗೆ ಹಾಕಿದ. ಕೆಲವೇ ದಿನಕ್ಕೆ ಗಾಡಿ ವಾಪಸು ಬಂತು. ಇನ್ನೊಂದು ಸಲ ಬೆಸುಗೆ ಹಾಕಿದ.

ಮೂರನೆಯ ಸಲ ಅಕ್ತರ್ ಬಂದಾಗ ಅಂಗಿಯ ಮುಂಭಾಗವೆಲ್ಲ ಕೆಸರಾಗಿತ್ತು. ಹೊಸಕೋಟೆಗೆ ಕೊಟ್ಟಿದ್ದ ತಂಗಿ ಖುರ್ಷೀದಾಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಹೊರಟಿದ್ದ.

"ಕೃಷ್ಣರಾಜಪುರಾನೂ ದಾಟಿರ್ಲಿಲ್ಲ ಮೇಸ್ತ್ರಿ, ಗಾಡಿ ಕುದ್ದು ಹೋಯ್ತು! ಸಿಕ್ಕಿದ ಬಾವಿ ಹತ್ರ ಎಲ್ಲಾ ನಿಲ್ಸಿ, ನೀರು ಸೇದಿ ಸೇದಿ ಹಾಕ್ಕೊಂಡು ವಾಪಸ್ ಬಂದೆ. ತಂಗಿ ಕೂತಿರೋವಾಗ ಹಿಂಗಾಗಿದ್ರೆ?"

ಅಕ್ತರನಿಗೆ ತುಟಿ ಮುಚ್ಚುವಷ್ಟು ಮೀಸೆ. ಸಾಲದ್ದಕ್ಕೆ ಬಾಯಲ್ಲಿ ಎಲೆಅಡಿಕೆ. ಚಲುವಯ್ಯನಿಗೆ ಆ ಬಾಯಿಯನ್ನು ಓದುವುದು ಯಾವತ್ತೂ ಕಷ್ಟ.

"ಬೆಸುಗೆ ಬಿಟ್ಟಿರ್ಬೇಕು. ಇನ್ನೊಂದ್ಸಲ ಹಾಕ್ತೀನಿ" ಎಂದ.

ಅಕ್ತರ್ ಗಾಡಿಯ ಕಡೆ ತಿರುಗಿ, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದ: "ಯಾಕೆ ಮೇಸ್ತ್ರಿ, ನಿನ್ನ ಕಿವಿಗೇನಾದ್ರೂ ಆಗಿದ್ಯಾ?"

ಉತ್ತರ ಬರಲಿಲ್ಲ. ಅಕ್ತರ್ ತಿರುಗಿ ನೋಡಿದ. ಚಲುವಯ್ಯ ಅವನ ಬೆನ್ನನ್ನೇ ನೋಡುತ್ತ ನಗುಮುಖದಲ್ಲಿ ನಿಂತಿದ್ದ. ಅಕ್ತರ್ ಅದೇ ಮಾತನ್ನು ಮತ್ತೆ, ಎದುರು ನಿಂತು ಕೇಳಿದ. ಚಲುವಯ್ಯ ತಲೆಯಾಡಿಸಿ, "ಆಗ್ತದೆ, ಆಗ್ತದೆ. ನಾಳೆ ಬಾ" ಎಂದ.

ಅಕ್ತರ್ ಎಲೆಅಡಿಕೆ ಉಗಿದು ಬಂದು, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಮೀಸೆಯನ್ನು ಬೆರಳಿನಿಂದ ಮೇಲಕ್ಕೆ ತೀಡಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ಭಾನುವಾರ. ಹೊಸಕೋಟೆಗೆ. ಹೋಗ್ಬೇಕು. ಗಾಡಿ ನಿನ್ನ ಹತ್ರಾನೇ ಬಿಡ್ತೀನಿ. ಬೇರೆ ಕಡೆ ತಗೊಂಡು ಹೋಗಲ್ಲ."

ಹೆಗಲ ಮೇಲೆ ಒಮ್ಮೆ ಕೈಯಿಟ್ಟು ನಡೆದುಹೋದ. ಅವನು ಬೈದಿದ್ದರೆ ಚಲುವಯ್ಯ ತಡೆದುಕೊಳ್ಳುತ್ತಿದ್ದ. ಎಳೆ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಮಳೆಮರದ ಬುಡದಲ್ಲಿ ಕೂತ. ಎಲೆಗಳು ಮಡಚಿಕೊಳ್ಳುವ ಹೊತ್ತಾಗಿತ್ತು. ಮೇಲೆ ನೂರಾರು ಗಿಳಿ ಬಂದು ಕೂತವು. ಅವುಗಳ ಕೊಕ್ಕುಗಳು ತೆರೆದು ಮುಚ್ಚುತ್ತಿದ್ದವು, ಸದ್ದೇ ಇರಲಿಲ್ಲ.

ರಾತ್ರಿ ಮುನಿವೆಂಕಟಮ್ಮ ಮುದ್ದೆ ಇಟ್ಟು, ಅವನ ಬಲಗಡೆಗೆ ಬಂದು, ಕಿವಿಯ ಹತ್ತಿರವೇ ಬಾಯಿ ತಂದು ಜೋರಾಗಿ ಹೇಳಿದಳು: "ಅಕ್ತರಣ್ಣ ಹೋಗ್ತಾ ನನ್ನ ಕೇಳ್ದ, ಯಾವಾಗಿಂದ ಹಿಂಗೆ ಅಂತ."

ಚಲುವಯ್ಯ ತಟ್ಟೆಯಿಂದ ಮುಖ ಎತ್ತಲಿಲ್ಲ.

"ನಂಗೊತ್ತಿಲ್ಲ ಅನ್ಕೊಂಡಿದ್ಯಾ? ಹಿತ್ಲಿಂದ ಕೂಗಿದ್ರೆ ನೀನು ಬರೋದು ಬಿಟ್ಟು ಎಷ್ಟು ದಿನ ಆಯ್ತು! ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

"ಹೇಳಿ ಏನ್ ಮಾಡ್ಲಿ?" ಎಂದ. ತನ್ನ ಮಾತು ಎಷ್ಟು ಜೋರಾಗಿ ಹೊರಬಿತ್ತೆಂದು ಅವನಿಗೇ ತಿಳಿಯಲಿಲ್ಲ. ಒಲೆಯ ಹತ್ತಿರ ಮಲಗಿದ್ದ ಬೆಕ್ಕು ಎದ್ದು ಓಡಿತು. "ಕಿವುಡ ಮೇಸ್ತ್ರಿ ಹತ್ರ ಯಾವನು ಗಾಡಿ ತರ್ತಾನೆ?"

"ನನ್ನ ಕಿವಿ ಐತಲ್ಲ" ಎಂದಳು ಅವಳು. "ನಾಳೆ ಬೆಳಕು ಹರೀತಿದ್ದಂಗೆ ಬರ್ತೀನಿ. ಆ ಕೋಲು ನನ್ ಕೈಗೆ ಕೊಡು."

ಅವನು ಬೇಡವೆಂದ. ಹೆಂಗಸು ಷೆಡ್ಡಿನಲ್ಲಿ ನಿಂತರೆ ಡ್ರೈವರುಗಳು ಏನೆಂದಾರು ಎಂದ. ಅವಳು ಎರಡನೆಯ ಮುದ್ದೆ ಹಾಕಿ, ಸಾರು ಬಿಟ್ಟು, ಆ ಮಾತು ಕೇಳಿಸದವಳಂತೆ ಎದ್ದುಹೋದಳು.

ಬೆಳಿಗ್ಗೆ ಕೆರೆಯಿಂದ ಮಂಜು ಎದ್ದು ಗಲ್ಲಿಯೊಳಗೆ ತುಂಬಿತ್ತು. ಗುಡಿಯ ಗೋಪುರದ ತುದಿಯಷ್ಟೇ ಕಾಣುತ್ತಿತ್ತು. ಅಕ್ತರನ ಗಾಡಿ ಮಂಜಿನಲ್ಲಿ ದೋಣಿಯ ಹಾಗೆ ನಿಂತಿತ್ತು. ಮುನಿವೆಂಕಟಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಚಲುವಯ್ಯ ರೇಡಿಯೇಟರಿಗೆ ನೀರು ತುಂಬಿ, ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ ಹತ್ತಿತು. ಅವಳು ಬೆಚ್ಚಿ ಹಿಂದಕ್ಕೆ ಸರಿದಳು, ಆಮೇಲೆ ನಗುತ್ತ ಮುಂದೆ ಬಂದಳು.

ಕೋಲಿನ ತುದಿ ಎಲ್ಲಿಡಬೇಕೆಂದು ಅವನು ತೋರಿಸಿದ. ಅವಳು ಇನ್ನೊಂದು ತುದಿಗೆ ಕಿವಿ ಕೊಟ್ಟಳು. ಮರುಕ್ಷಣ ಅವಳ ಕಣ್ಣುಗಳು ಅಗಲವಾದವು.

"ಅಯ್ಯಯ್ಯೋ! ಇದರೊಳಗೆ ಒಂದು ಊರೇ ಐತೆ!"

ಅವಳ ತುಟಿಯಿಂದಲೇ ಅವನಿಗೆ ಮಾತು ತಿಳಿಯಿತು. ಆ ಊರಿನಲ್ಲಿ ಅವನು ಎಷ್ಟು ವರ್ಷ ಒಬ್ಬನೇ ತಿರುಗಾಡಿದ್ದ! ಈಗ ಬಾಗಿಲ ಹೊರಗೆ ನಿಂತಿದ್ದಾನೆ. ಒಳಗೆ ಹೋದವಳು ಬಂದು ಹೇಳಬೇಕು.

"ಇಲ್ಲಿ?" ಎಂದು ಕೇಳಿದ.

"ಮಳೆ ಬಿದ್ದಂಗೆ. ಒಂದೇ ಸಮ."

ಅದು ವಾಲ್ವು, ಸರಿಯಾಗಿದೆ. "ಇಲ್ಲಿ?"

"ಮಗ್ಗ. ಮಗ್ಗ ನೆಯ್ದಂಗೆ."

ಅದೂ ಸರಿ. ಕೋಲನ್ನು ಮುಂದಕ್ಕೆ, ಫ್ಯಾನಿನ ಹಿಂದೆ, ನೀರಿನ ಪಂಪಿನ ಮೈಮೇಲೆ ಇರಿಸಿದ. ರೇಡಿಯೇಟರಿನ ನೀರನ್ನು ಎಂಜಿನ್ನಿನೊಳಗೆ ತಳ್ಳುವ ಪಂಪು ಅದು. ಅದರ ಉಕ್ಕಿನ ಕಡ್ಡಿಯ ಒಂದು ತುದಿಯಲ್ಲಿ ಹೊರಗೆ ಫ್ಯಾನು, ಇನ್ನೊಂದು ತುದಿಯಲ್ಲಿ ನೀರೊಳಗೆ ರೆಕ್ಕೆಚಕ್ರ. ಮುನಿವೆಂಕಟಮ್ಮ ಕೇಳಿದಳು. ಹುಬ್ಬು ಗಂಟು ಹಾಕಿದಳು. ಕಣ್ಣು ಮುಚ್ಚಿದಳು. ಅವಳ ಎಡಗೈ ತಾನಾಗಿಯೇ ಎದ್ದು ಗಾಳಿಯಲ್ಲಿ ಸುತ್ತತೊಡಗಿತು.

"ಏನು?"

"ತಡಿ... ರಾಗಿ ಬೀಸ್ತಾವ್ರೆ. ಆದ್ರೆ ಕಲ್ಲು ಸರಿ ಇಲ್ಲ. ಗೂಟ ಸವೆದೈತೆ. ಗುರ್ ಅಂತ ಬಂದು, ಒಂದು ಕಡೆ ಕಟಕ್ ಅಂತೈತೆ. ಮತ್ತೆ ಗುರ್, ಮತ್ತೆ ಕಟಕ್." ಗೂಟ ಸಡಿಲವಾದ ಬೀಸುವ ಕಲ್ಲು ಹೇಗೆ ಒಂದು ಕಡೆಗೆ ವಾಲಿ ವಾಲಿ ತಿರುಗುತ್ತದೆಂದು ಎರಡೂ ಕೈಯಲ್ಲಿ ಮಾಡಿ ತೋರಿಸಿದಳು.

ಚಲುವಯ್ಯ ಅವಳ ಕೈಗಳನ್ನೇ ನೋಡಿದ. ಥಟ್ಟನೆ ಎಂಜಿನ್ ನಿಲ್ಲಿಸಿದ. ಫ್ಯಾನನ್ನು ತಿರುಗಿಸುವ ಬೆಲ್ಟಿನ ಪಟ್ಟೆಯನ್ನು ಸಡಿಲಿಸಿ ಕಳಚಿದ. ಬಿಗಿ ಪಟ್ಟೆ ಎಳೆದು ಹಿಡಿದಿದ್ದರಿಂದ ಇಷ್ಟು ದಿನ ಫ್ಯಾನು ಅಲ್ಲಾಡಿರಲಿಲ್ಲ. ಈಗ ಅದರ ರೆಕ್ಕೆ ಹಿಡಿದು ಮೇಲೆ ಕೆಳಗೆ ಆಡಿಸಿದ. ಹಾಲು ಹಲ್ಲಿನಂತೆ ಅಲ್ಲಾಡಿತು.

"ಪಂಪು!" ಎಂದು ಕೂಗಿದ. "ರೇಡಿಯೇಟರ್ ಅಲ್ವೇ ಅಲ್ಲ, ಪಂಪು!"

ಆದರೂ ಕಣ್ಣಿಗೆ ಕಾಣಬೇಕು. ಎರಡು ಸಲ ತಪ್ಪಿದ ಮೇಲೆ ಅವನಿಗೆ ತನ್ನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಅವಳು ಗೋಡೆಗೆ ಬಳಿಯಲೆಂದು ಕಲಸಿಟ್ಟಿದ್ದ ಸುಣ್ಣ ತಂದಳು. ಪಂಪಿನ ಮೈಗೂ ರೇಡಿಯೇಟರಿನ ಬೆನ್ನಿಗೂ ತೆಳ್ಳಗೆ ಬಳಿದರು. ಬಿಸಿಲು ಬಂದು ಸುಣ್ಣ ಒಣಗಿ ಬೆಳ್ಳಗಾಯಿತು. ಪಟ್ಟೆ ಹಾಕಿ ಮತ್ತೆ ಎಂಜಿನ್ ಓಡಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಂಪಿನ ಕಡ್ಡಿ ಹೊರಬರುವ ಕಡೆ, ಬಿಗಿ ನಟ್ಟಿನ ಅಂಚಿನಲ್ಲಿ, ಬಿಳಿಯ ಮೇಲೆ ಬೂದು ಬಣ್ಣದ ಒಂದು ಉಂಗುರ ಹುಟ್ಟಿತು. ಉಂಗುರ ಹನಿಯಾಯಿತು. ಹನಿ ಫ್ಯಾನಿಗೆ ತಾಗಿದ್ದೇ ತಡ, ರೇಡಿಯೇಟರಿನ ಬೆನ್ನ ತುಂಬ ಬೂದು ಚುಕ್ಕಿಗಳು, ಮಳೆಯ ಮೊದಲ ಹನಿ ಬಿದ್ದ ಅಂಗಳದಂತೆ. ನೀರು ಸೋರುತ್ತಿದ್ದುದು ಪಂಪಿನಲ್ಲಿ. ಫ್ಯಾನು ಅದನ್ನು ರೇಡಿಯೇಟರಿಗೆ ಎರಚಿ ಅವನನ್ನು ಮೋಸಗೊಳಿಸಿತ್ತು.

ಇಬ್ಬರೂ ಪಕ್ಕ ಪಕ್ಕ ನಿಂತು, ಆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಳ್ಳುವುದನ್ನು ಜಾತ್ರೆಯ ಮಕ್ಕಳಂತೆ ನೋಡುತ್ತಿದ್ದರು.

ಪಂಪು ಬಿಚ್ಚಿದಾಗ ಒಳಗಿನ ಅವಸ್ಥೆ ಗೊತ್ತಾಯಿತು. ಕಡ್ಡಿಯನ್ನು ಹಿಡಿದಿಡುವ ಕಂಚಿನ ಬಳೆ, ಮೇಸ್ತ್ರಿಗಳು ಬುಷ್ ಎನ್ನುವುದು, ಒಂದೇ ಕಡೆ ತಿಂದುಹೋಗಿ ಮೊಟ್ಟೆಯಾಕಾರವಾಗಿತ್ತು. ಕಡ್ಡಿ ಅದರೊಳಗೆ ಕುಣಿಯುತ್ತಿತ್ತು. ನೀರು ಹೊರಬಾರದಂತೆ ಕಡ್ಡಿಯ ಸುತ್ತ ಸುತ್ತಿದ್ದ ಪ್ಯಾಕಿಂಗ್ ದಾರ ಸುಟ್ಟ ಹುಲ್ಲಿನಂತೆ ಪುಡಿಪುಡಿಯಾಗಿತ್ತು. ಸೋರಿದಾಗಲೆಲ್ಲ ಯಾರೋ ನಟ್ಟನ್ನು ಇನ್ನಷ್ಟು ಬಿಗಿದು ಬಿಗಿದು, ಕಡ್ಡಿಯ ಮೈಮೇಲೆ ಗೆರೆ ಬೀಳಿಸಿದ್ದರು.

ಹೊಸ ಪಂಪು ಸಿಗುವ ಕಾಲ ಅದಲ್ಲ. ಯುದ್ಧ ಮುಗಿದಿದ್ದರೂ ಅಮೆರಿಕದ ಸಾಮಾನು ಹೊತ್ತ ಹಡಗುಗಳು ಇನ್ನೂ ಬಂದಿರಲಿಲ್ಲ. ಚಲುವಯ್ಯ ಪಂಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಂತೆಬೀದಿಯ ಲೇತ್ ಕೆಲಸದ ವೆಂಕಟಸ್ವಾಮಿಯ ಬಳಿ ಹೋದ. ವೆಂಕಟಸ್ವಾಮಿ ಬಾಯಿ ಮುಚ್ಚದೆ ಮಾತನಾಡುವ ಮನುಷ್ಯ, ಎದುರಿನವನು ಕೇಳಿಸಿಕೊಂಡನೋ ಇಲ್ಲವೋ ಲೆಕ್ಕವಿಲ್ಲ. ಚಲುವಯ್ಯನಿಗೆ ಅವನಷ್ಟು ಅನುಕೂಲದ ಸ್ನೇಹಿತ ಇನ್ನೊಬ್ಬನಿರಲಿಲ್ಲ. ಅವನು ಕಾಲಲ್ಲಿ ಲೇತ್ ತುಳಿಯುತ್ತ ಗನ್‌ಮೆಟಲ್ ಎಂಬ ಗಟ್ಟಿ ಕಂಚಿನ ತುಂಡಿನಿಂದ ಹೊಸ ಬುಷ್ ಕಡೆದ. ಹೊಂಬಣ್ಣದ ಸಿಬುರು ಸುರುಳಿ ಸುರುಳಿಯಾಗಿ ಎದ್ದು ಕೆಳಗೆ ಬೀಳುತ್ತಿತ್ತು. ಅದನ್ನೇ ನೋಡುತ್ತ ಚಲುವಯ್ಯ ಎಲ್ಲೋ ಹೋಗಿಬಿಟ್ಟ. ಸುಗ್ಗಿಯ ಕಣದಲ್ಲಿ ರಾಗಿ ತೂರುತ್ತಿದ್ದಾರೆ, ಹೊಟ್ಟು ಬಿಸಿಲಲ್ಲಿ ಹೊಳೆಯುತ್ತ ಹಾರಿ ಕೆರೆಯ ಮೇಲೆ ಬೀಳುತ್ತಿದೆ, ಮೀನುಗಳು ಅದನ್ನು ಚಿನ್ನವೆಂದು ಮುತ್ತುತ್ತಿವೆ. ವೆಂಕಟಸ್ವಾಮಿ ಭುಜ ತಟ್ಟಿದಾಗ ಬುಷ್ ಸಿದ್ಧವಾಗಿತ್ತು, ಕಡ್ಡಿಯ ಗೆರೆಗಳನ್ನೂ ನಯಗೊಳಿಸಿ ಆಗಿತ್ತು.

ಪ್ಯಾಕಿಂಗ್ ಕೆಲಸ ಮನೆಯಲ್ಲಿ ನಡೆಯಿತು. ಮುನಿವೆಂಕಟಮ್ಮ ಹತ್ತಿಯ ನೂಲನ್ನು ಜಡೆಯಂತೆ ಹೆಣೆದಳು. ಕರಗಿಸಿದ ಕೊಬ್ಬಿಗೆ ದೊರೆಗಳ ಮನೆಯ ಕಬ್ಬಿಣದ ಒಲೆಗಳಿಗೆ ಹೊಳಪಿಗೆ ಹಚ್ಚುವ ಕಪ್ಪು ಸೀಸದ ಪುಡಿ, ಅಂದರೆ ಗ್ರಾಫೈಟ್, ಕಲಸಿ, ಹೆಣೆದ ದಾರವನ್ನು ಅದರಲ್ಲಿ ನೆನೆಸಿದರು. ಕಡ್ಡಿಯ ಸುತ್ತ ಒಂದೊಂದೇ ಸುತ್ತು ಹಾಕಿ, ಸುತ್ತಿನ ತುದಿಗಳು ಕೂಡುವ ಜಾಗ ಒಂದರ ಮೇಲೊಂದು ಬಾರದಂತೆ ಕೂರಿಸಿ, ಚಲುವಯ್ಯ ನಟ್ಟನ್ನು ಬೆರಳಿನಿಂದಲೇ ತಿರುಗಿಸಿದ. ಸ್ಪ್ಯಾನರು ಹಾಕಿ ಬಿಗಿಯಲಿಲ್ಲ.

"ಹಿಂಗೆ ಬಿಟ್ರೆ ಇನ್ನೂ ಸೋರ್ತದಲ್ಲ?" ಎಂದಳು ಮುನಿವೆಂಕಟಮ್ಮ.

"ಮೊದಮೊದ್ಲು ಒಂದೊಂದು ಹನಿ ಬೀಳ್ಬೇಕು. ದಾರಕ್ಕೆ ತೇವ ಬೇಕು. ಪೂರಾ ಬಿಗಿದ್ರೆ ಸುಟ್ಟೋಗ್ತದೆ" ಎಂದ.

ಭಾನುವಾರ ಬೆಳಿಗ್ಗೆ ಅಕ್ತರ್ ಬಂದಾಗ ಎಂಜಿನ್ ಓಡುತ್ತಿತ್ತು. ಬೀಟೆಕೋಲು ಹಿಡಿದು ಕಿವಿಗಿಟ್ಟುಕೊಂಡವಳು ಮುನಿವೆಂಕಟಮ್ಮ. ಚಲುವಯ್ಯ ಎದುರಿಗೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಅಕ್ತರನನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಅವಳು ಮಾತ್ರ ಕದಲಲಿಲ್ಲ.

"ಈಗ ಕಲ್ಲು ಸಮ ಬೀಸ್ತೈತೆ" ಎಂದಳು, ಕಣ್ಣು ತೆರೆದು. "ಕಟಕ್ ಇಲ್ಲ."

ಅಕ್ತರ್ ಅವಳನ್ನು ನೋಡಿದ, ಸುಣ್ಣದ ಕಲೆಯ ರೇಡಿಯೇಟರ್ ನೋಡಿದ, ಚಲುವಯ್ಯನನ್ನು ನೋಡಿದ. ಏನಾಗಿದೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

"ಭಾಭಿ, ನಂಗೂ ಒಂದ್ಸಲ ಕೊಡಿ ಆ ಕೋಲು" ಎಂದ. ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತ. ಕೊನೆಗೆ ತಲೆ ಕೊಡವಿ ನಕ್ಕ. "ಅರೆ, ನಂಗೆ ಬರೀ ಗಲಾಟೆ ಕೇಳ್ತದೆ! ನಿಮಗೆ ಹೆಂಗೆ ಗೊತ್ತಾಗ್ತದೆ?" ಆಮೇಲೆ ಏನೋ ಯೋಚಿಸಿ ಹೇಳಿದ: "ಒಂದು ಕೆಲಸ ಮಾಡಿ. ಇಬ್ರೂ ಬನ್ನಿ ಹೊಸಕೋಟೆಗೆ. ತಂಗಿ ಜೊತೆ ಒಬ್ರು ಹೆಂಗಸ್ರು ಇದ್ರೆ ಒಳ್ಳೇದು. ಗಾಡಿ ಜೊತೆ ಮೇಸ್ತ್ರಿ ಇದ್ರೆ ಇನ್ನೂ ಒಳ್ಳೇದು."

ಮುನಿವೆಂಕಟಮ್ಮ ಹುಟ್ಟಿದ ಮೇಲೆ ಮೋಟಾರಿನಲ್ಲಿ ಕೂತಿರಲಿಲ್ಲ. ಒಳಗೆ ಓಡಿಹೋಗಿ ಬೇರೆ ಸೀರೆ ಉಟ್ಟು ಬಂದಳು.

ಹಳೇ ಮದ್ರಾಸು ರಸ್ತೆಯಲ್ಲಿ ಗಾಡಿ ಹೊರಟಿತು. ಬಿನ್ನಮಂಗಲದ ಹೊಲಗಳು, ಅದರಾಚೆ ಅವಳ ತವರಿನ ಹಾದಿ, ಹುಣಸೆಮರಗಳ ಸಾಲು, ಎದುರಿಗೆ ಸೊಪ್ಪು ಹೊತ್ತು ಬರುವ ಎತ್ತಿನಗಾಡಿಗಳು. ಕೃಷ್ಣರಾಜಪುರ ಬಂದಾಗ ಅಕ್ತರನ ಬೆನ್ನು ನೆಟ್ಟಗಾಯಿತು. ರೈಲು ಗೇಟಿನ ಹತ್ತಿರ ನಿಲ್ಲಿಸಿ, ಇಳಿದು ಬಾನೆಟ್ ಎತ್ತಿದ. ಪಂಪಿನ ಬಾಯಲ್ಲಿ ಒಂದು ಹನಿ ಕೂತಿತ್ತು, ಬೀಳಲೋ ಬೇಡವೋ ಎನ್ನುವಂತೆ. ರೇಡಿಯೇಟರಿನ ನೀರು ಹಾಕಿದ ಮಟ್ಟದಲ್ಲೇ ಇತ್ತು. ಅವನು ಬಾನೆಟ್ ಮುಚ್ಚಿ, ಮೀಸೆ ತೀಡಿಕೊಂಡು ಬಂದು ಕೂತ.

ಹೊಸಕೋಟೆಯಲ್ಲಿ ಖುರ್ಷೀದಾ ಭಾರವಾದ ಹೆಜ್ಜೆ ಇಡುತ್ತ ಬಂದು ಹಿಂದಿನ ಸೀಟಿನಲ್ಲಿ ಒರಗಿದಳು. ಕಿಟಕಿಗಳಿಗೆ ಪರದೆ ಕಟ್ಟಿದರು. ಅವಳಿಗಿನ್ನೂ ಚಿಕ್ಕ ವಯಸ್ಸು, ಮುಖವೆಲ್ಲ ಭಯ. ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ಮುನಿವೆಂಕಟಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

"ಗಾಡಿ ನಿಲ್ಲಲ್ಲ ಅಲ್ವಾ?" ಎಂದು ಕೇಳಿದಳು.

"ನಿಲ್ಲಲ್ಲ ಕಣವ್ವ. ನಾನು ಕೇಳ್ತಾ ಇದೀನಿ. ಚೆನ್ನಾಗೈತೆ."

ಮುಂದಿನ ಸೀಟಿನಲ್ಲಿ ಚಲುವಯ್ಯ ಅಂಗೈಯನ್ನು ಗಾಡಿಯ ಹಲಗೆಗೆ ಒತ್ತಿ ಕೂತಿದ್ದ. ನಡುಕ ಕೈಗೆ ಬರುತ್ತಿತ್ತು, ತೋಳಿಗೆ ಏರುತ್ತಿತ್ತು. ತಲೆಯೊಳಗಿನ ಮೊರೆತದ ಜತೆ ಅದು ಕೂಡಿಕೊಂಡಿತು. ಕಣ್ಣು ಎಳೆಯಿತು. ಕನಸಿನಲ್ಲಿ ರಸ್ತೆ ಕಾಲುವೆಯಾಗಿತ್ತು. ಅಪ್ಪ ತೂಬು ಎತ್ತಿದ್ದಾನೆ, ನೀರು ಹರಿಯುತ್ತಿದೆ, ಗಾಡಿ ಅದರ ಮೇಲೆ ಸದ್ದಿಲ್ಲದೆ ತೇಲುತ್ತಿದೆ. ಎರಡೂ ದಡದಲ್ಲಿ ಹಸಿರು ಪೈರು. ಹಿಂದೆ ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮದುವೆಯ ದಿನದ ವಯಸ್ಸಿನವಳಾಗಿ ಕೂತು, ಏನೋ ಹೇಳುತ್ತಿದ್ದಾಳೆ. ಆ ಕನಸಿನಲ್ಲಿ ಅವನಿಗೆ ಅವಳ ದನಿ ಕೇಳಿಸಿತು. ಬಳೆಯೂ ಕೇಳಿಸಿತು. ಎಚ್ಚರವಾದಾಗ ಗಾಡಿ ಬ್ಲಾಕ್‌ಪಳ್ಳಿಯಲ್ಲಿ ಅಕ್ತರನ ಮನೆಯ ಮುಂದೆ ನಿಂತಿತ್ತು. ಖುರ್ಷೀದಾಳನ್ನು ಹೆಂಗಸರು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಅವಳಿಗೆ ಹೆಣ್ಣುಮಗುವಾಯಿತು. ಜಹನಾರಾ ಎಂದು ಹೆಸರಿಟ್ಟರು. ಅಕ್ತರನ ಮನೆಯಿಂದ ಸಿಹಿ ಬಂತು. ಅದರ ಜತೆಗೆ ಅಕ್ತರನ ಒತ್ತಾಯವೂ ಬಂತು. ಅವನು ಚಲುವಯ್ಯನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದ. ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ನರ ಸತ್ತಿದೆ, ಇದಕ್ಕೆ ಔಷಧವಿಲ್ಲ ಎಂದರು. ಬಲಗಿವಿಯಲ್ಲಿ ಉಳಿದ ಚೂರೂ ಒಂದೆರಡು ವರ್ಷದಲ್ಲಿ ಹೋಗಬಹುದು ಎಂದರು. ಅಕ್ತರ್ ಅದನ್ನು ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗ ಚಲುವಯ್ಯನೇ ಅವನ ಬೆನ್ನು ತಟ್ಟಿ, "ಬಿಡು ಗುರು, ಡಾಕ್ಟರ ಮುಖದಲ್ಲೇ ಕಾಣ್ತು" ಎಂದ. ಮನೆಗೆ ಬಂದವನು ಆವತ್ತು ಊಟ ಮಾಡಲಿಲ್ಲ. ಹಿತ್ತಲಿನಲ್ಲಿ ಕೂತು ಅತ್ತ. ಮುನಿವೆಂಕಟಮ್ಮ ಪಕ್ಕದಲ್ಲಿ ಕೂತಿದ್ದಳು.

ಮರುದಿನದಿಂದ ಅವಳು ದಿನವೂ ಷೆಡ್ಡಿಗೆ ಬಂದಳು. ಮೊದಲು ಕೆಲವರು ನಕ್ಕರು. ಇಬ್ಬರು ಮೂವರು ಬೇರೆ ಷೆಡ್ಡಿಗೆ ಹೋದರು. ಅವರಲ್ಲಿ ಒಬ್ಬ ವಾಪಸು ಬಂದ, ಉಳಿದವರು ಬರಲಿಲ್ಲ. ಹಾಗೆಂದು ಕೆಲಸವೇನೂ ನಿಲ್ಲಲಿಲ್ಲ. ಗೇರು, ಬೇರಿಂಗು, ಪಿಸ್ಟನ್ನು ಎಂಬ ಹೆಸರುಗಳು ಅವಳಿಗೆ ನಿಧಾನಕ್ಕೆ ಬಂದವು. ಆದರೆ ಸದ್ದುಗಳಿಗೆ ಅವಳು ತನ್ನದೇ ಹೆಸರಿಟ್ಟಳು: ಕೆರೆದಂಡೆಯ ಬಟ್ಟೆ ಒಗೆತ, ಹಸು ಮೆಲುಕು, ಮುದುಕನ ಕೆಮ್ಮು. ಚಲುವಯ್ಯ ಆ ಒಂದೊಂದು ಮಾತನ್ನೂ ಹಿಡಿದು ಕಬ್ಬಿಣದೊಳಗೆ ಇಳಿಯುತ್ತಿದ್ದ. ಬಿಡುವಿದ್ದಾಗ ಬೇರೆ ಸದ್ದುಗಳನ್ನೂ ಕೇಳುತ್ತಿದ್ದ. ಈಗ ಏನು ಕೇಳ್ತಿದೆ ಎನ್ನುತ್ತಿದ್ದ. ಬ್ಯಾರಕ್ಕಿನ ತುತ್ತೂರಿ ಎನ್ನುತ್ತಿದ್ದಳು. ಇಗರ್ಜಿ ಗಂಟೆ ಎನ್ನುತ್ತಿದ್ದಳು. ಬಾಂಗು ಆಯ್ತು, ಹೊತ್ತಾಯ್ತು ಏಳು ಎನ್ನುತ್ತಿದ್ದಳು. ಕೆಲವು ಸಲ ಇಲ್ಲದ ಹಕ್ಕಿಯೊಂದು ಕೂಗಿತೆಂದು ಸುಳ್ಳೇ ಹೇಳುತ್ತಿದ್ದಳು. ಅವನಿಗೆ ಅದು ಗೊತ್ತಾಗುತ್ತಿತ್ತು. ಆದರೂ ಯಾವ ಬಣ್ಣದ ಹಕ್ಕಿ ಎಂದು ಕೇಳುತ್ತಿದ್ದ.

ದೇಶಕ್ಕೆ ಸ್ವಾತಂತ್ರ್ಯ ಬಂದು, ಬ್ಯಾರಕ್ಕುಗಳ ಬಾವುಟ ಬದಲಾಗಿ, ಎರಡು ಮಳೆಗಾಲ ಕಳೆದಿದ್ದವು. ಒಂದು ಮಧ್ಯಾಹ್ನ ಚಲುವಯ್ಯ ಉಂಡು ಮಳೆಮರದ ನೆರಳಿನಲ್ಲಿ ಚಾಪೆ ಹಾಕಿ ಮಲಗಿದ್ದ. ಮಳೆಮರದ ಗುಲಾಬಿ ಬಣ್ಣದ ಹೂವು ಅವನ ಎದೆಯ ಮೇಲೆಲ್ಲ ಉದುರಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಯಾವುದೋ ಕನಸಿಗೆ ಸಣ್ಣಗೆ ನಗುತ್ತಿದ್ದ. ಕೋಲಾರದ ಕಡೆಯಿಂದ ಬಂದ ಹೊಸ ಡ್ರೈವರೊಬ್ಬ ಲಾರಿ ನಿಲ್ಲಿಸಿ, ಇಳಿದು, ಷೆಡ್ಡಿನೊಳಗೆ ಇಣುಕಿ ನೋಡಿ ಕೇಳಿದ: "ಅಮ್ಮಾ, ಕಿವಿ ಮೇಸ್ತ್ರಿ ಇಲ್ವಾ?"

ಮುನಿವೆಂಕಟಮ್ಮ ಮಲಗಿದ್ದ ಗಂಡನ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಮೊರ ಕೆಳಗಿಟ್ಟು, ಕೋಲು ತೆಗೆದುಕೊಂಡು ಎದ್ದಳು.

"ಇದಾರೆ. ಗಾಡಿ ಸ್ಟಾರ್ಟ್ ಮಾಡಿ."